ಒದ್ದೆಯಲ್ಲಿ ಕೂತವನು

ನನ್ನ ಮೈಯಿಂದ ಉಚ್ಚೆ ಸೋರುತ್ತದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಲಿ. ಎದ್ದು ಹೋಗುವವರು ಈಗಲೇ ಎದ್ದು ಹೋಗಲಿ. ಅರ್ಧ ಕೇಳಿ, ಅಯ್ಯೋ ಪಾಪ ಎಂದು, ಆಮೇಲೆ ಎದ್ದು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇದು ಹುಟ್ಟಿನಿಂದ ಬಂದದ್ದಲ್ಲ. ಯಾರ ಶಾಪವೂ ಅಲ್ಲ. ಹೆರಿಗೆಯಲ್ಲಿ ಆದದ್ದು. ನೋವು ಶುರುವಾದಾಗ ಗಂಡನ ಮನೆಯವರು, ಆಸ್ಪತ್ರೆ ಯಾಕೆ, ನಾವೆಲ್ಲ ಮನೆಯಲ್ಲೇ ಹೆತ್ತಿಲ್ಲವಾ ಎಂದರು. ಹಗಲು ಹೋಯಿತು, ಇರುಳು ಹೋಯಿತು, ಮತ್ತೆ ಹಗಲು ಬಂತು. ಮಗುವಿನ ತಲೆ ಅಲ್ಲೇ ಸಿಕ್ಕಿಕೊಂಡಿತ್ತು. ಕೊನೆಗೆ ಗಾಡಿಗೆ ಹಾಕಿಕೊಂಡು ಹೋಗುವ ಹೊತ್ತಿಗೆ ಮಗು ಒಳಗೇ ಸತ್ತಿತ್ತು. ಎಳೆದು ತೆಗೆದರು. ಗಂಡೋ ಹೆಣ್ಣೋ ಎಂದು ನನಗೆ ಯಾರೂ ಹೇಳಲಿಲ್ಲ. ಅಷ್ಟು ಹೊತ್ತು ತಲೆ ಒತ್ತಿ ಒತ್ತಿ ನನ್ನೊಳಗೆ ತೂತು ಬಿದ್ದಿತ್ತು. ಅಂದಿನಿಂದ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಕೂತರೂ ಸೋರುತ್ತದೆ, ನಿಂತರೂ ಸೋರುತ್ತದೆ, ನಿದ್ದೆ ಬಂದರೂ ಸೋರುತ್ತದೆ.

ಗಂಡ ಸ್ವಲ್ಪ ದಿನ ನೋಡಿದ. ಒಂದು ಬೆಳಿಗ್ಗೆ, "ಹಾಸಿಗೆ ಹಾಳಾಯ್ತು" ಎಂದು ಬೀದಿಗೆ ಕೇಳುವ ಹಾಗೆ ಕೂಗಿದ. ಹೆಂಡತಿ ಹಾಳಾದದ್ದು ಅವನ ಕಣ್ಣಿಗೆ ಬೀಳಲಿಲ್ಲ. ತವರಿಗೆ ಬಿಟ್ಟು ಹೋದವನು ತಿರುಗಿ ನೋಡಲಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ಹೊಲಿಗೆ ಹಾಕಿದರು. ಮಲಗಿಯೇ ಇರಬೇಕು, ಭಾರ ಎತ್ತಬಾರದು ಎಂದರು. ಮಲಗಿದವಳಿಗೆ ಅನ್ನ ಹಾಕುವವರು ಯಾರು? ಎದ್ದು ನೀರು ಹೊತ್ತೆ. ಹೊಲಿಗೆ ಬಿಚ್ಚಿತು. ಮತ್ತೆ ಹೋದಾಗ ಡಾಕ್ಟರು ತಲೆ ಎತ್ತದೆ ಹೇಳಿದರು, "ಇನ್ನು ಇಲ್ಲಿ ಆಗಲ್ಲಮ್ಮ. ಅಭ್ಯಾಸ ಮಾಡ್ಕೊ." ಮಾಡಿಕೊಂಡೆ. ನಾನೊಬ್ಬಳೇ ಮಾಡಿಕೊಂಡೆ, ಬೇರೆ ಯಾರೂ ಮಾಡಿಕೊಳ್ಳಲಿಲ್ಲ.

ತವರು ಎಂದರೆ ಅಣ್ಣನ ಮನೆ. ಅಪ್ಪ ಇರಲಿಲ್ಲ. ಅಮ್ಮ ಇದ್ದಳು, ಅಣ್ಣನ ಮಾತಿನಡಿ ಇದ್ದಳು. ಅತ್ತಿಗೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು, "ಮಕ್ಕಳು ಓಡಾಡೋ ಮನೆ. ಎಲ್ಲಿ ಅಂತ ಒರೆಸ್ಲಿ ನಾನು?" ಕೇಳಿದ್ದು ತಪ್ಪಲ್ಲ. ಒರೆಸುವವಳು ಅವಳೇ. ಹಿತ್ತಿಲಲ್ಲಿ ಮುರಿದ ಕುರ್ಚಿ, ಹಳೆ ಡಬ್ಬ, ಸೌದೆ ತುಂಬಿದ ಒಂದು ಶೆಡ್ಡಿತ್ತು. ಅದರಲ್ಲಿ ನನ್ನ ಮಂಚ ಹಾಕಿದರು. ಅಣ್ಣ ಹೇಳಿದ, "ವಾಸಿ ಆದ ದಿನ ಒಳಗೆ ಬಾ. ನಾನೇನು ಬೇಡ ಅಂತೀನಾ?"

ಅಮ್ಮನಿಗೆ ಮಂಡಿನೋವು. ಹಿತ್ತಿಲ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಆಗುತ್ತಿದ್ದರೂ ಇಳಿಯಲು ಬಿಡುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಬಂದು ನಿಂತು, ಸರಳುಗಳ ನಡುವೆ ಕೈ ಹಾಕಿ ನನ್ನ ತಲೆ ಬಾಚುತ್ತಿದ್ದಳು. ಅತ್ತಿಗೆಯ ಹೆಜ್ಜೆ ಕೇಳಿದರೆ ಬಾಚಣಿಗೆ ಒಳಗೆ ಹೋಗುತ್ತಿತ್ತು. ಅರ್ಧ ಹೆಣೆದ ಜಡೆ ಹಿಡಿದುಕೊಂಡು ನಾನು ಹೊರಗೆ ನಿಂತಿರುತ್ತಿದ್ದೆ. ನನಗೆ ಗಂಡ ಬೇಡವಾಗಿತ್ತು. ಇನ್ನೊಂದು ಮಗುವೂ ಬೇಡವಾಗಿತ್ತು. ಬೇಕಾಗಿದ್ದು ಇಷ್ಟೇ. ಆ ಮನೆಯೊಳಗೆ, ಅಮ್ಮನ ಪಕ್ಕದಲ್ಲಿ ಮಲಗಬೇಕು. ಅವಳು ಸಾಯುವ ಮೊದಲು ಮಲಗಬೇಕು.

ಹೊಟ್ಟೆಪಾಡಿಗೆ ಅದೇ ಆಸ್ಪತ್ರೆಯ ಲಾಂಡ್ರಿ ಸೇರಿದೆ. ಬೇರೆ ಕೆಲಸಗಳೂ ಇದ್ದವು. ಕಸ ಗುಡಿಸಬಹುದಿತ್ತು, ಪಾತ್ರೆ ತೊಳೆಯಬಹುದಿತ್ತು. ನಾನು ಲಾಂಡ್ರಿಯನ್ನೇ ಕೇಳಿ ಪಡೆದೆ. ಅಲ್ಲಿ ಎಲ್ಲರೂ ಸೊಂಟದವರೆಗೆ ಒದ್ದೆ. ನೀರಿನಲ್ಲಿ ನಿಂತವಳ ಒದ್ದೆ ಯಾರಿಗೂ ಬೇರೆಯಾಗಿ ಕಾಣುವುದಿಲ್ಲ. ತೊಟ್ಟಿಯೊಳಗೆ ಇಳಿದು ನಿಂತಾಗ ನಾನೂ ಎಲ್ಲರಂತೆ.

ವಾರ್ಡಿನಿಂದ ಬೆಡ್‌ಶೀಟುಗಳು ಗಂಟುಗಂಟಾಗಿ ಬರುತ್ತಿದ್ದವು. ರಕ್ತದ್ದು, ಕೀವಿನದು, ವಾಂತಿಯದು. ರಕ್ತದ್ದನ್ನು ಮೊದಲು ತಣ್ಣೀರಿನಲ್ಲಿ ನೆನೆಸಬೇಕು. ಆಮೇಲೆ ಸೋಡಾ ಹಾಕಿದ ಬಿಸಿನೀರು. ಆಮೇಲೆ ತುಳಿಯಬೇಕು, ಬಡಿಯಬೇಕು, ಜಾಲಿಸಬೇಕು. ಹಿಂಡಲು ಇಬ್ಬರು ಬೇಕು. ಒಬ್ಬಳು ಈ ತುದಿ, ಒಬ್ಬಳು ಆ ತುದಿ, ಒಬ್ಬರಿಗೊಬ್ಬರು ಎದುರಾಗಿ ತಿರುಚಬೇಕು. ಸಂಜೆಯ ಹೊತ್ತಿಗೆ ಬೆರಳ ಸಂದಿಯ ಚರ್ಮ ಬಿಳಿಚಿಕೊಂಡು ಸುಲಿಯುತ್ತಿತ್ತು. ಉಗುರು ಮೆತ್ತಗಾಗಿ ಅನ್ನ ಕಲೆಸಿದರೆ ಉರಿಯುತ್ತಿತ್ತು.

ತೊಂದರೆ ಬರುತ್ತಿದ್ದುದು ಊಟದ ಹೊತ್ತಿಗೆ. ಎಲ್ಲರೂ ಹೊರಗೆ ಬಿಸಿಲಲ್ಲಿ ಬೆಂಚಿನ ಮೇಲೆ ಕೂತು ಬಟ್ಟೆ ಒಣಗಿಸಿಕೊಳ್ಳುತ್ತಿದ್ದರು. ಅವರು ಒಣಗುತ್ತಿದ್ದರು. ನಾನು ಒಣಗುತ್ತಿರಲಿಲ್ಲ. ಮೊದಲ ವಾರವೇ ಗೊತ್ತಾಗಿಹೋಯಿತು. ಹೆಸರಿಟ್ಟರು, ತೂತುಕೊಡ. "ಏ ತೂತುಕೊಡ, ಆ ಗಂಟು ಎತ್ಕೊಂಡು ಬಾರೆ." "ತೂತುಕೊಡ ಬಂದ್ಲು, ಸರೀರೇ." ಹೆಸರಿಗೆ ಓಗೊಟ್ಟೆ. ಓಗೊಡದಿದ್ದರೆ ಕೆಲಸ ಕೊಡುವವರು ಯಾರು? ಊಟದ ಹೊತ್ತಿನಲ್ಲಿ ತೊಟ್ಟಿಯಲ್ಲೇ ನಿಂತು ರೊಟ್ಟಿ ತಿನ್ನುತ್ತಿದ್ದೆ.

ಒಂದು ಪೆದ್ದುತನವನ್ನೂ ಮಾಡಿದೆ. ನನ್ನ ಥರದವರೆಲ್ಲ ಮಾಡುವ ಪೆದ್ದುತನ. ನೀರು ಕುಡಿಯುವುದನ್ನು ಬಿಟ್ಟೆ. ಒಳಗೆ ಹೋಗದಿದ್ದರೆ ಹೊರಗೆ ಬರುವುದೇನು ಎಂದು ನನ್ನ ಲೆಕ್ಕ. ಇಡೀ ದಿನ ಸೊಂಟದ ಮಟ್ಟ ನೀರಿನಲ್ಲಿ ನಿಂತು ಒಂದು ಗುಟುಕು ಕುಡಿಯುತ್ತಿರಲಿಲ್ಲ. ತುಟಿ ಒಡೆದಾಗ ನಾಲಿಗೆಯಿಂದ ಸವರಿಕೊಳ್ಳುತ್ತಿದ್ದೆ. ಸೋರುವುದು ಕಮ್ಮಿಯಾಯಿತು, ನಿಜ. ಆದರೆ ಬರುತ್ತಿದ್ದುದು ಸುಣ್ಣದ ನೀರಿನ ಹಾಗೆ ಸುಡುತ್ತಿತ್ತು. ತೊಡೆ ಹುಣ್ಣಾಯಿತು. ವಾಸನೆ ಮೊದಲಿಗಿಂತ ಜೋರಾಯಿತು. ಜನ ಇನ್ನೂ ದೂರ ಸರಿದರು. ನಾನು ಇನ್ನೂ ಕಮ್ಮಿ ಕುಡಿದೆ.

ನನ್ನ ಜೊತೆ ಹಿಂಡಲು ಬರುತ್ತಿದ್ದವಳು ಸೋಪಜ್ಜಿ ಒಬ್ಬಳೇ. ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಿರಿಯಳು, ಬಾರ್ ಸೋಪನ್ನು ತಂತಿಯಲ್ಲಿ ಕೊಯ್ದು ಎಲ್ಲರಿಗೂ ಹಂಚುವುದು ಅವಳ ಕೆಲಸ. ಯೇಸುವಿನ ಸಭೆಗೆ ಹೋಗುತ್ತಿದ್ದಳು. ಅವಳ ಮೂಗಿಗೆ ವಾಸನೆ ಬರುತ್ತಿರಲಿಲ್ಲ ಎಂದಲ್ಲ. "ನಂಗೂ ನಾತ ಬರುತ್ತೆ ಕಣೆ. ಸತ್ತು ಹೋಗಲ್ಲ ಬಿಡು" ಎನ್ನುತ್ತಿದ್ದಳು. ಒಂದು ದಿನ ಬೆಡ್‌ಶೀಟು ತಿರುಚುತ್ತಾ ಶುರು ಮಾಡಿದಳು.

"ಒಬ್ಬಳಿದ್ಲು ಕಣೆ, ನಿನ್ನ ಥರಾನೇ. ಅವಳಿಗೆ ರಕ್ತ ಹೋಗ್ತಿತ್ತು. ವರ್ಷಗಟ್ಟಲೆ. ನಿಲ್ತಾನೇ ಇರ್ಲಿಲ್ಲ."

"ನಂದು ರಕ್ತ ಅಲ್ಲ."

"ಹೋಗೋದು ಹೋಗೋದೇ ಅಲ್ವೇನೆ. ಯಾರೂ ಮುಟ್ತಿರ್ಲಿಲ್ಲ. ಒಂದಿನ ಯೇಸು ಆ ದಾರೀಲಿ ಬಂದ. ಜನ ಅಂದ್ರೆ ಜನ. ಇವಳು ನುಗ್ಗಿ ನುಗ್ಗಿ, ಹಿಂದಿನಿಂದ ಹೋಗಿ ಅವನ ಬಟ್ಟೆ ಅಂಚು ಮುಟ್ಟಿದ್ಲು."

"ಹಿಂದಿನಿಂದಾನಾ?"

"ಹೂಂ. ಹಿಂದಿನಿಂದ."

ಯಾಕೆ ಎಂದು ಕೇಳಲಿಲ್ಲ. ಆ ಹೆಂಗಸನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾನೂ ಕೂಡ ಹಿತ್ತಿಲಿಂದ ಬರುವವಳು, ಹಿತ್ತಿಲಿಂದ ಹೋಗುವವಳು.

"ಮುಟ್ಟಿದ ತಕ್ಷಣ ನಿಂತೋಯ್ತು. ಆದ್ರೆ ಅವನು ಸುಮ್ನೆ ಹೋಗ್ಲಿಲ್ಲ ನೋಡು. ಅಲ್ಲೇ ನಿಂತ. ಯಾರು ನನ್ನ ಮುಟ್ಟಿದ್ದು ಅಂದ."

ನನಗೆ ಸಿಟ್ಟು ನೆತ್ತಿಗೇರಿತು. "ಯಾಕಂತೆ? ಅಷ್ಟು ಜನರ ಮುಂದೆ ಅವಳ ಮಾನ ಕಳೆಯೋಕಾ? ವಾಸಿ ಆಯ್ತಲ್ಲ, ಹೋಗ್ಲಿ ಅಂತ ಬಿಡಬಾರ್ದಾ? ಎಲ್ರೂ ಒಂದೇ."

ಸೋಪಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಬೈ, ಬೈ. ಅವನಿಗೆ ಬೈಸ್ಕೊಂಡು ಅಭ್ಯಾಸ ಇದೆ."

"ಆಮೇಲೆ ಏನಂದ?"

"ಮಗಳೇ ಅಂದ. ಎಲ್ಲರ ಮುಂದೆ, ಎಲ್ಲರಿಗೂ ಕೇಳೋ ಹಾಗೆ ಅಂದ."

ನನ್ನ ಕೈ ತಿರುಚುವುದನ್ನು ನಿಲ್ಲಿಸಿತು. ಅಮ್ಮನೂ ನನ್ನನ್ನು ಹಾಗೆ ಕರೆಯುತ್ತಿದ್ದಳು. ಆದರೆ ಕಿಟಕಿಯೊಳಗಿನಿಂದ, ಪಿಸುದನಿಯಲ್ಲಿ, ಅತ್ತಿಗೆಗೆ ಕೇಳಬಾರದೆಂದು.

ಅದಾಗಿ ಕೆಲವು ದಿನಕ್ಕೆ ಬೇಸಿಗೆ ಬಂತು. ಬಾಯ್ಲರಿನ ಝಳ, ಹೊರಗಿನ ಝಳ. ಊಟದ ಹೊತ್ತು. ಎಲ್ಲರೂ ಹೊರಗಿದ್ದರು. ನಾನು ತೊಟ್ಟಿಯಿಂದ ಕಾಲು ಹೊರಗಿಟ್ಟದ್ದು ಗೊತ್ತು. ಕಣ್ಣು ಕತ್ತಲೆ ಬಂದದ್ದು ಗೊತ್ತು. ಕಣ್ಣು ಬಿಟ್ಟಾಗ ನೆಲದ ಮೇಲೆ, ಚರಂಡಿಯ ಪಕ್ಕ ಬಿದ್ದಿದ್ದೆ. ಏಳಲು ಆಗಲಿಲ್ಲ. ಕೂಗಲು ಗಂಟಲಿನಲ್ಲಿ ಪಸೆ ಇರಲಿಲ್ಲ. ನನ್ನ ಕೆಳಗೆ ಬೆಚ್ಚಗೆ ಹರಡುತ್ತಿರುವುದು ಮಾತ್ರ ಗೊತ್ತಾಗುತ್ತಿತ್ತು.

ಆಗ ಅವನು ಬಂದ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಬಾಯಾರಿ ಬಿದ್ದವಳ ಭ್ರಮೆ ಎನ್ನುತ್ತೀರಾ, ಅನ್ನಿ. ನಿಮ್ಮ ಬಾಯಿ. ಬೆಳಕುಗಿಳಕು ಏನೂ ಇರಲಿಲ್ಲ. ದಿನವಿಡೀ ದುಡಿದು ಸೋತವನ ಮುಖ. ಬಂದವನು ನನ್ನನ್ನು ಎತ್ತಲಿಲ್ಲ. ಪಕ್ಕದಲ್ಲಿ ಕೂತ. ಬಟ್ಟೆ ಮೇಲೆತ್ತಿ ಹಿಡಿದುಕೊಳ್ಳಲಿಲ್ಲ. ಕೂರುವ ಮೊದಲು ಜಾಗ ನೋಡಲಿಲ್ಲ. ಸೀದಾ ಆ ಒದ್ದೆಯಲ್ಲೇ ಕೂತ. ಅವನ ಬಟ್ಟೆ ಅದನ್ನು ಹೀರಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು. ನನ್ನ ಜೀವ ನಾಚಿಕೆಯಿಂದ ಹಿಡಿಯಷ್ಟಾಯಿತು.

"ಅದು ನೀರಲ್ಲ" ಎಂದೆ.

"ಗೊತ್ತು" ಎಂದ.

"ವಾಸಿ ಮಾಡ್ತೀಯಾ?"

ಉತ್ತರ ಕೊಡಲಿಲ್ಲ. ಎದ್ದೂ ಹೋಗಲಿಲ್ಲ. ನನ್ನ ಮುಖಕ್ಕೆ ಅಂಟಿದ ಕೂದಲನ್ನು ಬೆರಳಿನಿಂದ ಸರಿಸಿ, "ಮಗಳೇ" ಎಂದ. ಮೆಲ್ಲಗೆ ಅಲ್ಲ. ಹೊರಗೆ ಬೆಂಚಿನಲ್ಲಿ ಕೂತವರಿಗೆ ಕೇಳುವಷ್ಟು ಗಟ್ಟಿಯಾಗಿ ಎಂದ. ನಾನು ಅತ್ತೆ. ಮಗು ಸತ್ತಾಗ ಅತ್ತಿರಲಿಲ್ಲ, ಆಗ ಬಾರದಿದ್ದ ಅಳುವೂ ಬಂತು.

ಆಮೇಲೆ ಸೋಪಜ್ಜಿ ನನ್ನ ಮುಖಕ್ಕೆ ನೀರು ತಟ್ಟುತ್ತಿದ್ದಳು. "ಏನಾಯ್ತೇ, ಏನಾಯ್ತೇ?" ನಾನು ಅವಳ ಕೈಯಿಂದ ಚೊಂಬು ಕಿತ್ತುಕೊಂಡು ಗಟಗಟ ಕುಡಿದೆ. ಇನ್ನೊಂದು ಕೇಳಿದೆ. ಅದನ್ನೂ ಕುಡಿದೆ.

ಅವತ್ತಿನಿಂದ ದಿನವೂ ಕುಡಿದೆ. ಸೋರುವುದು ಜಾಸ್ತಿಯಾಯಿತು, ಸೋರಲಿ ಎಂದೆ. ತೊಡೆಯ ಹುಣ್ಣು ಒಣಗಿತು. ವಾಸನೆ ಅರ್ಧಕ್ಕರ್ಧ ಇಳಿಯಿತು. ಊಟದ ಹೊತ್ತಿಗೆ ಹೊರಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಇದ್ದವರು ಎದ್ದರು. ನಾನು ಏಳಲಿಲ್ಲ. ಮರುದಿನವೂ ಕೂತೆ, ಅವರು ಮರುದಿನವೂ ಎದ್ದರು. "ಏ ತೂತುಕೊಡ" ಎಂದು ಕರೆದವಳಿಗೆ, "ಯಾರನ್ನ ಕರೀತಿದ್ದೀಯ? ಇಲ್ಲಿ ಆ ಹೆಸರಿನವರು ಯಾರೂ ಇಲ್ಲ" ಎಂದೆ. ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. ಮೂಳೆ ಇಲ್ಲದವಳ ಹಾಗೆ ಬದುಕಿದ್ದವಳಿಗೆ ಬೆನ್ನುಮೂಳೆ ಎಲ್ಲಿದೆ ಎಂದು ಗೊತ್ತಾಗಿತ್ತು.

ಸೋಪಜ್ಜಿ ನನ್ನನ್ನು ಸಭೆಗೆ ಕರೆದುಕೊಂಡು ಹೋದಳು. ಅವನ ಮನೆ ಎಂದರೆ ನನ್ನ ಮನೆ ಎಂದುಕೊಂಡು ಹೋದೆ. ಬಾಗಿಲ ಹತ್ತಿರ, ಎಲ್ಲರಿಂದ ದೂರ, ಒಂದು ಕುರ್ಚಿ ಹಾಕಿದರು. ಅದರ ಮೇಲೆ ಪ್ಲಾಸ್ಟಿಕ್ ಹಾಸಿದರು. ನಾನು ಎದ್ದ ಮೇಲೆ ಆ ಕುರ್ಚಿಯನ್ನು ಹೊರಗೆ ಬಿಸಿಲಿಗೆ ಇಡುತ್ತಿದ್ದರು. ಪಾಸ್ಟರು ಒಳ್ಳೆಯ ಮಾತುಗಾರರು. ನನ್ನ ತಲೆಯ ಮೇಲೆ ಕೈ ಚಾಚಿ ಕಣ್ಣು ಮುಚ್ಚಿ ಜೋರಾಗಿ ಪ್ರಾರ್ಥನೆ ಮಾಡಿದರು. ಅವರ ಅಂಗೈಗೂ ನನ್ನ ತಲೆಗೂ ನಡುವೆ ಒಂದು ಬೆಕ್ಕು ಆರಾಮಾಗಿ ನುಸುಳಬಹುದಿತ್ತು. ವಾರ ವಾರ ಪ್ರಾರ್ಥನೆ ಮಾಡಿದರು. ವಾರ ವಾರ ಕುರ್ಚಿ ಬಿಸಿಲಿಗೆ ಹೋಯಿತು.

ಅಷ್ಟರಲ್ಲಿ ಸಭೆಯವರ ದೊಡ್ಡ ಪ್ರಾರ್ಥನಾ ಕೂಟ ನಿಗದಿಯಾಯಿತು. ಮೈದಾನದಲ್ಲಿ ಶಾಮಿಯಾನ, ಬೇರೆ ಊರುಗಳಿಂದ ದೊಡ್ಡ ದೊಡ್ಡ ಬೋಧಕರು. ಪಾಸ್ಟರು ಒಂದು ಸಂಜೆ ಅಣ್ಣನ ಮನೆಗೆ ಬಂದರು. ಒಳಗೆ ಕೂತು ಚಹಾ ಕುಡಿದರು. ಆಮೇಲೆ ಇಬ್ಬರೂ ಶೆಡ್ಡಿನ ಮುಂದೆ ಬಂದು ನಿಂತರು.

"ನೀನು ಕೂಟದಲ್ಲಿ ಸಾಕ್ಷಿ ಹೇಳಬೇಕಮ್ಮ" ಎಂದರು ಪಾಸ್ಟರು.

"ಏನಂತ?"

"ಪ್ರಾರ್ಥನೆಯಿಂದ ವಾಸಿ ಆಯ್ತು ಅಂತ."

"ಆಗಿಲ್ವಲ್ಲ."

"ನಂಬಿಕೆಯಿಂದ ಹೇಳು. ಹೇಳಿದ್ಮೇಲೆ ಆಗುತ್ತೆ. ನೀನು ಬಾಯಿಬಿಟ್ಟು ಹೇಳ್ತಿಲ್ಲ, ಅದಕ್ಕೇ ತಡ ಆಗ್ತಿರೋದು."

ಅಂದರೆ ತಪ್ಪು ನನ್ನದೇ. ಹೆರಿಗೆಯಲ್ಲೂ ಹಾಗೇ ಹೇಳಿದ್ದರು, ನೀನು ಸರಿಯಾಗಿ ಮುಕ್ಕರಿಯುತ್ತಿಲ್ಲ ಎಂದು.

ಅಣ್ಣ ಗಂಟಲು ಸರಿಮಾಡಿಕೊಂಡ. "ನೋಡು, ನಂಗೇನೂ ನಿನ್ನ ಮೇಲೆ ದ್ವೇಷ ಇಲ್ಲ. ನಮ್ಮ ಬೀದಿ ಬಾಯಿ ಮುಚ್ಚಿದ್ರೆ ಸಾಕು. ಅಷ್ಟು ಜನರ ಮುಂದೆ ವಾಸಿ ಆಯ್ತು ಅಂತ ಆಗ್ಲಿ, ಯಾರು ಏನಂತಾರೆ? ಅವತ್ತೇ ಒಳಗೆ ಬಾ. ಅಮ್ಮನ ರೂಮಲ್ಲೇ ನಿನ್ನ ಮಂಚ ಹಾಕಿಸ್ತೀನಿ. ಒಳಗೆ ಪ್ಲಾಸ್ಟಿಕ್ ಹಾಸ್ಕೊ, ಯಾರು ನೋಡ್ತಾರೆ."

ಅಮ್ಮ ಕಿಟಕಿಯಲ್ಲಿ ನಿಂತಿದ್ದಳು. ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡಿದ್ದಳು. ನನ್ನನ್ನೇ ನೋಡುತ್ತಿದ್ದಳು.

ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿದೆ ಎಂದು ಕೇಳುವವರು ಒಂದು ಚಳಿಗಾಲ ಆ ಶೆಡ್ಡಿನಲ್ಲಿ ಒದ್ದೆ ಹಾಸಿಗೆಯಲ್ಲಿ ಮಲಗಿ ನೋಡಲಿ, ಆಮೇಲೆ ಬಂದು ಕೇಳಲಿ.

ಕೂಟದ ಹಿಂದಿನ ದಿನ ಪಾಸ್ಟರ ಹೆಂಡತಿ ನನ್ನನ್ನು ಕರೆಸಿಕೊಂಡರು. ಕೆಟ್ಟವರಲ್ಲ. ಮಾತು ಮೆತ್ತಗೆ. "ಇವತ್ತಿಂದ ನೀರು ಮುಟ್ಟಬೇಡಮ್ಮ. ನಾಳೆ ಒಂದಿನ ತಡ್ಕೊ" ಎಂದರು. ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದರು. ಬೆಳಿಗ್ಗೆ ಬಂದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಹತ್ತಿಯ ದಪ್ಪ ಮೆತ್ತೆ ಇಟ್ಟು, ಮೇಲೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿದರು. ಕೂಸಿಗೆ ಕಟ್ಟುವ ಹಾಗೆ ಕಟ್ಟಿದರು. ಪೌಡರ್ ಸುರಿದರು, ಸೆಂಟು ಹೊಡೆದರು, ಬಿಳಿ ಹೊಸ ಬಟ್ಟೆ ಉಡಿಸಿದರು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ನೀರು ಕೇಳಿದೆ. "ಸಾಕ್ಷಿ ಆದ್ಮೇಲೆ ಕುಡಿ, ಎಷ್ಟು ಬೇಕಾದ್ರೂ ಕುಡಿ" ಎಂದರು.

ಮೈದಾನಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಶೆಡ್ಡಿನಿಂದ ನನ್ನ ಮಂಚವನ್ನು ಹೊರಗೆ ತಂದಿದ್ದರು. ಅಣ್ಣ ಒಂದು ಕಡೆ, ಪಕ್ಕದ ಮನೆಯವನು ಒಂದು ಕಡೆ ಹಿಡಿದು ಮುಂಬಾಗಿಲಿನಿಂದ ಒಳಗೆ ಒಯ್ಯುತ್ತಿದ್ದರು. ಮುಂಬಾಗಿಲಿನಿಂದ! ಅಮ್ಮ ಬಾಗಿಲ ಪಕ್ಕ ಗೋಡೆ ಹಿಡಿದು ನಿಂತಿದ್ದಳು. ಕಂಕುಳಲ್ಲಿ ಅವಳದೇ ಒಗೆದ ಹಾಸಿಗೆಬಟ್ಟೆ ಇತ್ತು, ನನ್ನ ಮಂಚಕ್ಕೆ ಹಾಸಲು. ನನ್ನನ್ನು ಕಂಡು ನಕ್ಕಳು. ಎಷ್ಟೋ ವರ್ಷದ ಮೇಲೆ ಆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನಕ್ಕಳು.

ವೇದಿಕೆಯ ಮೇಲೆ ನಿಂತಾಗ ಕಂಡದ್ದು ತಲೆಗಳೇ ತಲೆಗಳು. ಮುಂದಿನ ಸಾಲಿನಲ್ಲಿ ಅಣ್ಣ, ಇಸ್ತ್ರಿ ಮಾಡಿದ ಅಂಗಿ. ಅವನ ಹಿಂದೆ ಸೋಪಜ್ಜಿ. ಪಾಸ್ಟರು ಮೈಕು ಹಿಡಿದು ನನ್ನ ಕಥೆ ಹೇಳುತ್ತಿದ್ದರು. ನಾಯಿಗಳೂ ಹತ್ತಿರ ಬಾರದಷ್ಟು ನಾರುತ್ತಿದ್ದಳು ಎಂದರು. ಜನ ಅಯ್ಯೋ ಎಂದರು. ಇವತ್ತು ನೋಡಿ ಎಂದರು. ಜನ ನೋಡಿದರು. ಆಮೇಲೆ ಪಾಸ್ಟರು ತಮ್ಮ ಕೈಯನ್ನು ನನ್ನ ತಲೆಯ ಮೇಲೆ ಇಟ್ಟರು.

ಮೊದಲ ಸಲ ಮುಟ್ಟಿದರು. ಒಣಗಿಸಿ, ಕಟ್ಟಿ, ಸೆಂಟು ಹೊಡೆಸಿದ ಮೇಲೆ ಮುಟ್ಟಿದರು.

ಆ ಕೈ ನನಗೆ ಬೆಂಕಿಯ ಹಾಗೆ ತಾಗಿತು. ಒಣಗಿದವಳನ್ನು ಯಾರು ಬೇಕಾದರೂ ಮುಟ್ಟುತ್ತಾರೆ. ಅದಕ್ಕೆ ಯೇಸು ಯಾಕೆ ಬೇಕು? ಚರಂಡಿಯ ಪಕ್ಕ ಕೂತವನು ನನ್ನನ್ನು ಒಣಗು ಎನ್ನಲಿಲ್ಲ. ಅಮ್ಮನ ಪಕ್ಕದ ಮಂಚ ಕಣ್ಣ ಮುಂದೆ ಬಂತು. ಹೇಳಿಬಿಡು, ಹೇಳಿಬಿಡು ಎಂದು ಮನಸ್ಸು ಹೊಡೆದುಕೊಂಡಿತು. ಬಾಯಿ ತೆರೆದೆ.

ಆಗಲೇ ಅವಳು ಕಂಡಳು. ಶಾಮಿಯಾನದ ಕೊನೆಯಲ್ಲಿ, ಹಗ್ಗದ ಆಚೆ, ನೆಲಕ್ಕೆ ಗೋಣಿತಾಟು ಹಾಕಿಕೊಂಡು ಕೂತ ಒಬ್ಬ ಹುಡುಗಿ. ಸುತ್ತ ಒಂದಾಳು ಜಾಗ ಖಾಲಿ. ಜನ ಅಷ್ಟು ಒತ್ತಿಕೊಂಡು ನಿಂತಲ್ಲೂ ಆ ಜಾಗಕ್ಕೆ ಯಾರೂ ಕಾಲಿಟ್ಟಿರಲಿಲ್ಲ. ನನಗೆ ಹೇಳಬೇಕಾ? ತುಟಿ ಒಡೆದಿತ್ತು ಅವಳದು, ಇಷ್ಟು ದೂರದಿಂದ ಕಾಣುವುದಿಲ್ಲ, ಆದರೆ ಒಡೆದೇ ಇರುತ್ತದೆ. ನನ್ನನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನಾನು ವಾಸಿಯಾದೆ ಎಂದರೆ ಅವಳು ಮನೆಗೆ ಹೋಗಿ, ನನಗೆ ಯಾಕಾಗಲಿಲ್ಲ, ನನ್ನ ನಂಬಿಕೆಯೇ ಸಾಲದು ಎಂದು ಸಾಯುವವರೆಗೆ ತನ್ನನ್ನೇ ಬೈದುಕೊಳ್ಳುತ್ತಾಳೆ.

ಪಾಸ್ಟರ ಮೇಜಿನ ಮೇಲೆ ನೀರಿನ ಜಗ್ಗಿತ್ತು. ಎತ್ತಿಕೊಂಡೆ. ಲೋಟಕ್ಕೆ ಸುರಿಯಲಿಲ್ಲ. ಜಗ್ಗನ್ನೇ ಬಾಯಿಗೆ ಹಚ್ಚಿ ಕುಡಿದೆ. ಗದ್ದದಿಂದ ಇಳಿದು ಬಿಳಿ ಬಟ್ಟೆ ನೆನೆಯಿತು. ಖಾಲಿಯಾಗುವವರೆಗೆ ಕುಡಿದೆ. ಜನ ಇದೂ ಸಾಕ್ಷಿಯ ಒಂದು ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮೈಕು ಕಸಿದುಕೊಂಡೆ.

"ನಂಗೆ ವಾಸಿ ಆಗಿಲ್ಲ" ಎಂದೆ. "ಸೋರ್ತಾ ಇದೆ. ನಿನ್ನೆಯಿಂದ ನೀರು ಕೊಡದೆ ಒಣಗಿಸಿ ತಂದಿದ್ದಾರೆ. ಹತ್ತಿ ಇಟ್ಟು ಕಟ್ಟಿದ್ದಾರೆ. ಆದ್ರೆ ಯೇಸು ಬಂದಿದ್ದ. ನಿಜವಾಗ್ಲೂ ಬಂದಿದ್ದ. ನಾನು ನಾರ್ತಿದ್ದಾಗ ಬಂದ. ನನ್ನ ಉಚ್ಚೇಲಿ ಕೂತ, ಮಗಳೇ ಅಂದ. ಹಗ್ಗದ ಆಚೆ ಒಬ್ಳು ಕೂತಿದ್ದಾಳೆ, ನೋಡಿ. ನಿಮ್ಮಲ್ಲಿ ಯಾರಾದ್ರೂ ಹೋಗಿ ಅವಳ ಪಕ್ಕ ಕೂರ್ತೀರಾ? ಕೂತ್ಕೊಂಡು ಆಮೇಲೆ..."

ಮೈಕು ಸತ್ತಿತು. ಹಾಡುವವರು ಹಾಡು ಎತ್ತಿದರು, ಡ್ರಮ್ಮು ಬಡಿದರು. ನಾನು ಬಟ್ಟೆಯೊಳಗೆ ಕೈ ಹಾಕಿ ಕಟ್ಟು ಎಳೆದೆ. ಬಿಗಿಯಾಗಿತ್ತು, ಹಲ್ಲು ಕಚ್ಚಿ ಎಳೆದೆ. ಒದ್ದೆಯಾದ ಆ ಗಂಟನ್ನು ಪಾಸ್ಟರ ಮೇಜಿನ ಮೇಲೆ, ಖಾಲಿ ಜಗ್ಗಿನ ಪಕ್ಕ ಇಟ್ಟೆ. ಕಾಲಿನಿಂದ ಇಳಿದು ವೇದಿಕೆಯ ಹಲಗೆಯ ಮೇಲೆ ಹರಿಯಿತು. ಹರಿಯಲಿ ಎಂದು ನಿಂತೆ. ಪಾಸ್ಟರು ಹಿಂದೆ ಹಾರಿದರು. "ದೆವ್ವ ಹಿಡಿದಿದೆ! ಇಳಿಸ್ರಿ ಕೆಳಗೆ!" ಎಂದರು. ನಾಲ್ಕು ಕೈಗಳು ರಟ್ಟೆ ಹಿಡಿದು ಎಳೆದವು. ಮೆಟ್ಟಿಲ ಮೇಲೆ ಮಂಡಿ ತರಚಿತು.

ನನ್ನ ಮಾತು ಕೇಳಿ ಹಗ್ಗದ ಆಚೆಗೆ ಒಬ್ಬರಾದರೂ ಹೋದರಾ? ಇಲ್ಲ. ಎಲ್ಲರೂ ತಿರುಗಿ ಅವಳನ್ನು ನೋಡಿದ್ದಷ್ಟೇ ಆಯಿತು. ಅವಳ ಮನೆಯವರು ಗೋಣಿತಾಟಿನ ಸಮೇತ ಅವಳನ್ನು ಎಬ್ಬಿಸಿಕೊಂಡು ಹೋಗಿಬಿಟ್ಟರು. ಹೋಗುವಾಗ ಅವಳು ಮುಖ ಮುಚ್ಚಿಕೊಂಡಿದ್ದಳು. ನಾನು ಅವಳಿಗೆ ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ, ಇವತ್ತಿಗೂ ಗೊತ್ತಿಲ್ಲ.

ಸೋಪಜ್ಜಿ ತಲೆ ಬಗ್ಗಿಸಿ ಕೂತಲ್ಲೇ ಇದ್ದಳು. ಅವಳನ್ನು ನಾನು ಬೈಯುವುದಿಲ್ಲ. ಅವಳ ಮೊಮ್ಮಕ್ಕಳಿಗೆ ಊಟ ಬರುತ್ತಿದ್ದುದು ಸಭೆಯಿಂದ. ಈಗ ಲಾಂಡ್ರಿಯಲ್ಲಿ ನನ್ನ ಜೊತೆ ಹಿಂಡುವವರಿಲ್ಲ. ಬೆಡ್‌ಶೀಟಿನ ಒಂದು ತುದಿಯನ್ನು ನಲ್ಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ನಾನೇ ತಿರುಚುತ್ತೇನೆ.

ಅಲ್ಲಿಂದ ಮನೆಗೆ ನಡೆದೆ. ಹಿತ್ತಿಲ ಓಣಿ ಹಿಡಿಯಲಿಲ್ಲ. ನಡುಬೀದಿಯಲ್ಲಿ, ಉರಿಬಿಸಿಲಲ್ಲಿ, ಬಿಳಿ ಬಟ್ಟೆಯಲ್ಲಿ ಸೋರುತ್ತಾ ನಡೆದೆ. ಅಂಗಡಿಯವರು ನೋಡಿದರು. ನೋಡಲಿ.

ಅಣ್ಣ ನನಗಿಂತ ಮೊದಲೇ ಬಂದಿದ್ದ. ಮಂಚ ಬೀದಿಯಲ್ಲಿತ್ತು. ಒಂದು ಕಾಲು ಮುರಿದಿತ್ತು. ಶೆಡ್ಡಿಗೆ ಬೀಗ ಬಿದ್ದಿತ್ತು. "ಮಾನ ಕಳೆದ್ಯಲ್ಲೇ, ಊರ ಮುಂದೆ ನನ್ನ ಮಾನ ಕಳೆದ್ಯಲ್ಲೇ" ಎಂದು ಅಣ್ಣ ಒಳಗಿನಿಂದ ಕೂಗುತ್ತಿದ್ದ. "ಕೈಗೆ ಬಂದ ತುತ್ತನ್ನ ತಾನೇ ಒದ್ಕೊಂಡ್ಲು. ಈಗ ಶೆಡ್ಡೂ ಇಲ್ಲ, ಹೋಗ್ಲಿ" ಎಂದಳು ಅತ್ತಿಗೆ. ಅಕ್ಕಪಕ್ಕದವರು ಬಾಗಿಲುಗಳಲ್ಲಿ ನಿಂತಿದ್ದರು. ನಾನು ಮಂಚದ ಮೇಲೆ ಕೂತೆ. ಅದು ಒಂದು ಕಡೆಗೆ ವಾಲಿತು.

ಅಮ್ಮ ಬಾಗಿಲಿಗೆ ಬಂದಳು. ಗೋಡೆ ಹಿಡಿದು ಬಂದಳು. ಹೊಸ್ತಿಲ ಒಳಗೆ ನಿಂತಳು. ಕಂಕುಳಲ್ಲಿ ಆ ಹಾಸಿಗೆಬಟ್ಟೆ ಇನ್ನೂ ಇತ್ತು. ಕಣ್ಣು ಊದಿತ್ತು.

"ಒಂದು ಸುಳ್ಳು ಹೇಳಿಬಿಟ್ಟಿದ್ರೆ ಏನೇ ಹೋಗ್ತಿತ್ತು ನಿಂದು?" ಎಂದಳು. "ನನ್ನ ಪಕ್ಕ ಮಲಗ್ತಿದ್ದೆಯಲ್ಲೇ."

ವಾಲಿದ ಮಂಚದ ಅಂಚು ಹಿಡಿದುಕೊಂಡು ಅವಳ ಕಡೆಗೆ ತಿರುಗಿದೆ.

"ಅಮ್ಮ" ಎಂದೆ, "ಬಂದ್ರೆ ಹೀಗೇ ಬರ್ತೀನಿ. ಸೋರ್ತಾನೇ ಬರ್ತೀನಿ. ನೀನು ಕರಿ. ನೀನು ಒಂದ್ಸಲ ಬಾಯಿಬಿಟ್ಟು ಗಟ್ಟಿಯಾಗಿ ಕರಿ, ಬರ್ತೀನಿ."

ಅಮ್ಮ ಹಿಂದೆ ತಿರುಗಿ ನೋಡಿದಳು. ಒಳಗೆ ಅಣ್ಣನ ಮಾತು ನಿಂತಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದ.

"ಕರೆದ್ರೆ ನನ್ನನ್ನೂ ಹೊರಗೆ ಹಾಕ್ತಾನೆ ಕಣೆ" ಎಂದಳು, ಪಿಸುದನಿಯಲ್ಲಿ.

"ಹಾಕ್ಲಿ" ಎಂದೆ. "ಬಾ."

ಮಂಚದ ಮೇಲೆ ಸರಿದು ಜಾಗ ಮಾಡಿದೆ. ಅಮ್ಮ ನಾನು ಸರಿದ ಜಾಗವನ್ನು ನೋಡಿದಳು. ಅಲ್ಲಿ ಒದ್ದೆಯಾಗಿತ್ತು. ತುಂಬ ಹೊತ್ತು ನೋಡಿದಳು. ಒಂದು ಕಾಲು ಹೊಸ್ತಿಲ ಮೇಲೆ ಇಟ್ಟಳು. ಬರುತ್ತಾಳೆ ಎಂದುಕೊಂಡೆ. ದೇವರಾಣೆ, ಬರುತ್ತಾಳೆ ಎಂದೇ ಅಂದುಕೊಂಡೆ.

ಕಾಲು ಹಿಂದಕ್ಕೆ ತೆಗೆದುಕೊಂಡಳು. ಬಾಗಿಲನ್ನು ಅವಳೇ ಮುಚ್ಚಿದಳು. ಅಗುಳಿಯನ್ನು ಸದ್ದಾಗದ ಹಾಗೆ, ಮಗು ಮಲಗಿದ ಕೋಣೆಯ ಅಗುಳಿ ಹಾಕುವ ಹಾಗೆ, ಮೆಲ್ಲಗೆ ಹಾಕಿದಳು. ದಡಾರೆಂದು ಹಾಕಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.